ಚಪ್ಪರದ ನೆರಳು, ಚೊಂಬು ನೀರು

ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕೆಂಬುದು ನಮ್ಮ ನಾಡಿನ ಹಳೆಯ ನಡವಳಿಕೆ. ಕಾಲಿಗೆ ಒಂದು ಚೊಂಬು, ಕುಡಿಯಲು ಒಂದು ಲೋಟ, ಅದರೊಡನೆ ಒಂದು ಚೂರು ಬೆಲ್ಲ. ಇಷ್ಟಾದ ಮೇಲೆಯೇ ಊರು, ಹೆಸರು, ಬಂದ ಕಾರ್ಯ. ತುಂಗೆ ಹರಿಯುವ ಸೀಮೆಯಲ್ಲಿ ಈ ನಡವಳಿಕೆಗೆ ಯಾರೂ ಬೆಲೆ ಕಟ್ಟುವುದಿಲ್ಲ. ಅಲ್ಲಿ ನೀರು ಧಾರಾಳ. ಚಿತ್ರದುರ್ಗದ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಅತಿಥಿಯ ಮುಂದೆ ಇಟ್ಟ ಚೊಂಬು ನೀರು ಮನೆಯವರು ತಮ್ಮ ಗಂಟಿನಿಂದ ಬಿಚ್ಚಿ ಕೊಟ್ಟ ನಾಣ್ಯವೇ ಸರಿ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಬಯಲುಸೀಮೆಯ ತೋಟದ ಮನೆಗಳ ಬಾಗಿಲಿಗೆ ಈಗ ಬಂದು ನಿಂತಿರುವ 'ಹೋಮ್‌ಸ್ಟೇ' ಎಂಬ ಹೊಸ ಬಗೆಯ ಸತ್ಕಾರದ ಒಳಗುಟ್ಟು ತಿಳಿಯುತ್ತದೆ.

ಹೋಮ್‌ಸ್ಟೇ ಎಂದೊಡನೆ ಪಟ್ಟಣದ ಸಂಸಾರಸ್ಥರಿಗೆ ನೆನಪಾಗುವುದು ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳು. ಮಂಜು, ಮಳೆ, ಹಸುರು, ಮೆಣಸಿನ ಬಳ್ಳಿ. ಚಿತ್ರಗಳಿಗೆ ಅದೇ ಚೆನ್ನ. ಆದರೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಎರಡು ದಿನ ಬೇರೊಂದು ಬಗೆಯ ಕರ್ನಾಟಕವನ್ನು ನೋಡಿಬರಬೇಕೆಂದು ಬಯಸುವವರಿಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತೋಟಗಳೂ ಕರೆಯುತ್ತವೆ. ದಾಳಿಂಬೆಯ ಸಾಲು, ತೆಂಗಿನ ನೆರಳು, ನಡುವೆ ಅಲ್ಲೊಂದು ಇಲ್ಲೊಂದು ದ್ರಾಕ್ಷಿಯ ಚಪ್ಪರ. ಇಂಥ ತೋಟದಲ್ಲಿ ಒಂದು ಕುಟುಂಬ ತನ್ನ ಮನೆಯ ಎರಡು ಕೋಣೆಗಳನ್ನು ಪರಸ್ಥಳದವರಿಗೆ ತೆರೆದಿಟ್ಟು, ರಾತ್ರಿ ತಂಗಲು ಹಾಸಿಗೆ, ಬೆಳಗ್ಗೆ ಹೊಟ್ಟೆಗೆ ತಿಂಡಿ ಕೊಟ್ಟರೆ ಅದು ಎಷ್ಟು ಕಾಲ ಬಾಳೀತು? ಯಾವ ಷರತ್ತಿನ ಮೇಲೆ ಬಾಳೀತು? ಈ ಲೇಖನದ ಪ್ರಶ್ನೆ ಇದೇ.

ಮಳೆಯ ನೆರಳಿನ ನಾಡು

ಸಹ್ಯಾದ್ರಿಯ ಪಡುವಣ ಮೈಯಲ್ಲಿ ಸುರಿದು ಹಗುರಾದ ಮೋಡಗಳು ಇತ್ತ ಬರುವ ಹೊತ್ತಿಗೆ ಬಡವಾಗಿರುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಚಿತ್ರದುರ್ಗ ಜಿಲ್ಲೆಗೆ ದೊರೆಯುವುದು ಸುಮಾರು ೬೦೦ ಮಿಲಿಮೀಟರು. ಹಲವು ವರ್ಷಗಳಲ್ಲಿ ಅದೂ ಇಲ್ಲ. ಈ ಸೀಮೆಯ ಮುಖ್ಯ ನದಿ ವೇದಾವತಿ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಅದನ್ನು ತಡೆದು ನಿಲ್ಲಿಸಿದ ವಾಣಿವಿಲಾಸ ಸಾಗರದ ಕೆಲಸ ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿಯಿತು. ಆಗ ಮೈಸೂರು ಸಂಸ್ಥಾನವನ್ನು ರೀಜೆಂಟರಾಗಿ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರೇ ಇದಕ್ಕೆ ಬಂದಿತು. ೩೦ ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಕೆಳಗೆ ಸುಮಾರು ೩೦,೦೦೦ ಎಕರೆ ಅಚ್ಚುಕಟ್ಟು ಇದೆ.

ಇಷ್ಟು ದೊಡ್ಡ ಪಾತ್ರೆಯನ್ನು ಕಟ್ಟಿದರೇನು? ತುಂಬುವುದು ಮಳೆಯ ಕೈಯಲ್ಲಿದೆ. ೧೯೩೩ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವೆ ೮೯ ವರ್ಷ! ಅಜ್ಜ ಕಂಡದ್ದನ್ನು ಮೊಮ್ಮಗ ಕಾಣುವುದಕ್ಕೆ ಇಷ್ಟು ಕಾಲ ಹಿಡಿಯಿತು. ೨೦೧೯ರಿಂದ ಭದ್ರೆಯ ನೀರು ಈ ಕಡೆಗೂ ಹರಿದುಬರತೊಡಗಿದೆ; ೨೦೨೫ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿದಾಗ ಸುತ್ತಲ ಹಳ್ಳಿಗಳ ಜನ ಜಾತ್ರೆಗೆ ಬಂದಂತೆ ಬಂದು ನೋಡಿದರು. ಆದರೂ ಕಾಲುವೆಯ ಅಂಚಿನಿಂದ ದೂರದಲ್ಲಿರುವ ತೋಟಗಳಿಗೆ ಕೊಳವೆಬಾವಿಯೇ ಗತಿ. ಅದರ ಆಯುಸ್ಸನ್ನು ಹೇಳಬಲ್ಲ ಜೋಯಿಸರು ಇನ್ನೂ ಹುಟ್ಟಿಲ್ಲ.

ಒಣಹವೆಯ ಬಳ್ಳಿ

ಇಂಥ ನೆಲದಲ್ಲಿ ದ್ರಾಕ್ಷಿಯೇಕೆ ಎಂದು ಕೇಳುವವರುಂಟು. ದ್ರಾಕ್ಷಿಯ ಸ್ವಭಾವವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಈ ಬಳ್ಳಿಗೆ ಬೇರಿನಲ್ಲಿ ಹದವಾಗಿ ನೀರು ಬೇಕು. ಎಲೆಯ ಮೇಲೆ ಮಾತ್ರ ತೇವ ನಿಲ್ಲಬಾರದು. ಹವೆಯಲ್ಲಿ ತೇವ ಹೆಚ್ಚಿದರೆ ಎಲೆಗೆ ಬೂಜು ರೋಗ ತಗಲುತ್ತದೆ. ಹಣ್ಣು ಮಾಗುವಾಗ ಮಳೆ ಬಂದರೆ ಕಾಯಿ ಬಿರಿಯುತ್ತದೆ. ಆದುದರಿಂದಲೇ ನಮ್ಮ ರಾಜ್ಯದ ದೊಡ್ಡ ದ್ರಾಕ್ಷಿ ಸೀಮೆಗಳು ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಒಣನಾಡಿನಲ್ಲಿಯೂ ದಕ್ಷಿಣದಲ್ಲಿ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರಗಳಲ್ಲಿಯೂ ಇವೆ. ಚಿತ್ರದುರ್ಗದ ಪಾಲು ಇವುಗಳ ಮುಂದೆ ಚಿಕ್ಕದು. ಇಲ್ಲಿ ಹಣ್ಣಿನ ಬೆಳೆಗಳಲ್ಲಿ ಮುಂದಾಳು ದಾಳಿಂಬೆ. ಹೊಸದುರ್ಗದ ಕಡೆ ತೆಂಗು, ಹೊಳಲ್ಕೆರೆಯ ಕಡೆ ಅಡಿಕೆ. ದ್ರಾಕ್ಷಿ ಇವುಗಳ ನಡುವಿನ ನೆಂಟ.

ನೆಂಟನಾದರೂ ಉಪಚಾರ ಬಹಳ ಬೇಡುವವನು. ಬಳ್ಳಿ ನೆಟ್ಟ ಮೇಲೆ ಮೊದಲ ಫಸಲಿಗೆ ಸುಮಾರು ಎರಡು ವರ್ಷ ಕಾಯಬೇಕು. ಕಲ್ಲಿನ ಕಂಬ, ತಂತಿ, ಹನಿ ನೀರಾವರಿಯ ಕೊಳವೆ, ಇವುಗಳಿಗೆ ಮೊದಲೇ ಹಣ ಸುರಿಯಬೇಕು. ಬೇಸಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಬಳ್ಳಿಯನ್ನು ಸವರಬೇಕು. ಮಳೆಗಾಲದ ಕೊನೆಯಲ್ಲಿ ಸವರಿದ ಬಳ್ಳಿ ಸುಮಾರು ನಾಲ್ಕು ತಿಂಗಳಿಗೆ, ಎಂದರೆ ಶಿವರಾತ್ರಿಯ ಆಸುಪಾಸಿಗೆ, ಹಣ್ಣು ಕೊಡುತ್ತದೆ. ಅಷ್ಟರಲ್ಲಿ ಅಕಾಲದ ಮಳೆ ಬಂದರೆ ವರ್ಷದ ದುಡಿಮೆಯೆಲ್ಲ ನೆಲದ ಪಾಲು. ಹೀಗೆ ಒಂದೇ ಫಸಲನ್ನು ನಂಬಿದ ಸಂಸಾರಕ್ಕೆ ತಿಂಗಳು ತಿಂಗಳೂ ನಾಲ್ಕು ಕಾಸು ಬರುವ ಇನ್ನೊಂದು ದಾರಿ ಕಂಡರೆ ಅದನ್ನು ಹಿಡಿಯಬೇಕೆಂಬ ಆಸೆ ಸಹಜವೇ. ಅತಿಥಿಗಳಿಗೆ ಕೋಣೆ ತೆರೆಯುವ ಯೋಚನೆ ಹುಟ್ಟುವುದು ಈ ಆಸೆಯಿಂದ. ಬೆಂಗಳೂರಿಗೆ ಹೋಗಿ ಯಾವುದೋ ಮಳಿಗೆಯಲ್ಲಿ ಲೆಕ್ಕ ಬರೆಯಬೇಕಾಗಿದ್ದ ಮಗ ತೋಟದಲ್ಲಿಯೇ ಉಳಿಯುವುದಕ್ಕೆ ಆ ಎರಡು ಕೋಣೆಗಳು ಕಾರಣವಾಗಬಹುದು.

ಒಂದು ಮಾಡಿನ ಲೆಕ್ಕ

ಆದರೆ ಈ ಆಸೆಯೇ ತೋಟವನ್ನು ನುಂಗುವ ಅಪಾಯವೂ ಉಂಟು. ಅದು ಹೇಗೆಂಬುದಕ್ಕೆ ವಾಚಕರು ನನ್ನೊಡನೆ ಸ್ವಲ್ಪ ಲೆಕ್ಕ ಮಾಡಬೇಕು. ಕಷ್ಟದ ಗಣಿತವೇನಲ್ಲ, ಮಕ್ಕಳೂ ಮಾಡಬಲ್ಲರು.

ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು. ಮನೆಯ ಮಾಡು ೧೦೦ ಚದರ ಮೀಟರು, ವರ್ಷದ ಮಳೆ ೬೦೦ ಮಿಲಿಮೀಟರು ಎಂದುಕೊಳ್ಳೋಣ. ಆ ಮಾಡಿನ ಮೇಲೆ ವರ್ಷವಿಡೀ ಬೀಳುವ ನೀರು ೬೦,೦೦೦ ಲೀಟರು. ಐದರಲ್ಲೊಂದು ಪಾಲು ಆವಿಯಾಗಿ, ಸಿಡಿದು, ಮೊದಲ ಮಳೆಯ ಕೊಳೆಯೊಡನೆ ಹೊರಗೆ ಹೋದರೂ ೪೮,೦೦೦ ಲೀಟರು ತೊಟ್ಟಿಗೆ ಬರಬಹುದು.

ಇನ್ನು ಖರ್ಚಿನ ಬದಿ. ನಮ್ಮ ನಗರಗಳ ನೀರು ಸರಬರಾಜಿನಲ್ಲಿ ಒಬ್ಬರಿಗೆ ದಿನಕ್ಕೆ ೧೩೫ ಲೀಟರು ಎಂಬ ಅಳತೆಯಿದೆ. ನಗರದ ಅತಿಥಿ ತನ್ನ ನಗರದ ಅಭ್ಯಾಸವನ್ನು ಹೊತ್ತುಕೊಂಡೇ ಬರುತ್ತಾನಷ್ಟೆ. ಆ ಲೆಕ್ಕದಲ್ಲಿ ಇಡೀ ಮಾಡಿನ ವರ್ಷದ ಮಳೆ ದಿನಕ್ಕೆ ಒಬ್ಬನೇ ಒಬ್ಬ ಅತಿಥಿಗೆ ಸಾಕಾಗುತ್ತದೆ! ಅವನು ಬಳಸುವುದನ್ನು ಅರ್ಧಕ್ಕೆ ಇಳಿಸಿದರೆ ಇಬ್ಬರಿಗೆ ಸಾಕಾದೀತು. ಇದರ ಮೇಲೆ ಯಾರಾದರೂ ಆಸೆಬುರುಕರು ಹತ್ತು ಮೀಟರು ಉದ್ದ, ಐದು ಮೀಟರು ಅಗಲ, ಎದೆಮಟ್ಟ ಎನ್ನಬಹುದಾದ ೧.೨ ಮೀಟರು ಆಳದ ಈಜುಕೊಳವೊಂದನ್ನು ತೋಡಿಸಿದರೆ? ಅದನ್ನು ಒಮ್ಮೆ ತುಂಬಲು ಬೇಕಾದ ನೀರು ೬೦,೦೦೦ ಲೀಟರು. ಮಾಡಿನ ಮೇಲೆ ವರ್ಷವೆಲ್ಲ ಸುರಿದ ಮಳೆಯ ಕೊನೆಯ ಹನಿಯವರೆಗೆ.

ಬಳ್ಳಿಯ ಲೆಕ್ಕವನ್ನೂ ನೋಡಿ. ಹತ್ತಡಿ ಸಾಲಿನಲ್ಲಿ ಆರಡಿಗೊಂದರಂತೆ ನೆಟ್ಟರೆ ಎಕರೆಗೆ ೭೨೬ ಬಳ್ಳಿಗಳು. ಹನಿ ನೀರಾವರಿಯಲ್ಲಿ ಒಂದಕ್ಕೆ ದಿನಕ್ಕೆ ೧೫ ಲೀಟರು ಎಂದು ಹಿಡಿದರೆ ಎಕರೆಗೆ ೧೧,೦೦೦ ಲೀಟರಿಗೆ ಸ್ವಲ್ಪ ಕಡಿಮೆ. ಎಂದರೆ ಒಬ್ಬ ಅತಿಥಿಯ ದಿನದ ನೀರು ಒಂಬತ್ತು ಬಳ್ಳಿಗಳ ದಿನದ ನೀರು. ಮಳೆ ಚೆನ್ನಾದ ವರ್ಷ ಇದು ದೊಡ್ಡ ಮಾತಲ್ಲ. ಕೊಳವೆಬಾವಿ ಸೊರಗಿದ ಚೈತ್ರ ವೈಶಾಖದಲ್ಲಿ ಮನೆಯ ಯಜಮಾನ ಬಳ್ಳಿಗೋ ಅತಿಥಿಗೋ ಎಂದು ನಿಂತು ಯೋಚಿಸಬೇಕಾಗುತ್ತದೆ. ಕೋಣೆಯ ಬಾಡಿಗೆ ಇಂದೇ ಕೈಗೆ ಬರುತ್ತದೆ. ಬಳ್ಳಿಯ ಫಸಲು ನಾಳೆಯದು. ಇಂದಿನ ಕಾಸಿಗಾಗಿ ನಾಳೆಯ ಬಳ್ಳಿಯನ್ನು ಒಣಗಿಸಿದ ಮನೆ ಬಹುಕಾಲ ಅತಿಥಿಗಳನ್ನು ಕರೆಯಲಾರದು. ಒಣಗಿದ ಚಪ್ಪರವನ್ನು ನೋಡಲು ಯಾರು ಬಂದಾರು?

ದುರ್ಗದ ಹೊಂಡಗಳ ಪಾಠ

ಈ ಸಮಸ್ಯೆಗೆ ಉತ್ತರ ಹುಡುಕಲು ಬಹುದೂರ ಹೋಗಬೇಕಾಗಿಲ್ಲ. ಚಿತ್ರದುರ್ಗದ ಕೋಟೆಯನ್ನು ಹತ್ತಿದರೆ ಸಾಕು. ಒನಕೆ ಓಬವ್ವನ ಕಿಂಡಿಯನ್ನು ನೋಡಿ, ಚಿತ್ರ ತೆಗೆಸಿಕೊಂಡು ಇಳಿದುಬಿಡುವವರೇ ಹೆಚ್ಚು. ಆದರೆ ಬೆಟ್ಟದ ಮೇಲಿನ ಹೊಂಡಗಳನ್ನು ಕಣ್ಣಿಟ್ಟು ನೋಡಬೇಕು. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿಯರ ಹೊಂಡ, ಸಿಹಿನೀರು ಹೊಂಡ, ಊರಿನ ಮಟ್ಟದಲ್ಲಿ ಸಂತೆಹೊಂಡ: ಮೇಲಿನದು ತುಂಬಿ ಹರಿದ ನೀರು ಕೆಳಗಿನದಕ್ಕೆ ಇಳಿಯುವಂತೆ ನಾಯಕರ ಕಾಲದವರು ಬಂಡೆಗಳ ಇಳಿಜಾರನ್ನೇ ಕಾಲುವೆಯಾಗಿ ಬಳಸಿಕೊಂಡಿದ್ದಾರೆ. ೧೭೭೯ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಅದಕ್ಕೆ ಇತಿಹಾಸ ಕೊಡುವ ಕಾರಣಗಳಲ್ಲಿ ನೀರಿನ ಕೊರತೆ ಸೇರಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವಿದೆ. ಅದು ಹೇಳುವುದೂ ಕೆರೆಯ ಸಂಗತಿಯನ್ನೇ. ಈ ಸೀಮೆಯಲ್ಲಿ ರಾಜ್ಯ ಕಟ್ಟುವವನು ಮೊದಲು ನೀರು ಕಟ್ಟಬೇಕಾಗಿತ್ತು.

ಹೊಂಡಗಳ ಪಾಠವನ್ನು ಮನೆಯ ಅಳತೆಗೆ ಇಳಿಸಿದರೆ ಹೀಗಾಗುತ್ತದೆ. ಮಾಡಿನ ನೀರು ತೊಟ್ಟಿಗೆ; ತೊಟ್ಟಿಯ ನೀರು ಬಚ್ಚಲಿಗೆ; ಬಚ್ಚಲ ನೀರು ಮರಳು ಇದ್ದಿಲಿನ ಗುಂಡಿಯ ಮೂಲಕ ಬಾಳೆ, ನುಗ್ಗೆ, ಕರಿಬೇವಿನ ಬುಡಕ್ಕೆ. ಹೊಲದ ಮೇಲೆ ಬಿದ್ದ ಮಳೆ ಕೃಷಿ ಹೊಂಡಕ್ಕೆ. ೨೦೧೪ರಲ್ಲಿ ರಾಜ್ಯ ಸರಕಾರ ಮೊದಲಿಟ್ಟ ಕೃಷಿ ಭಾಗ್ಯ ಯೋಜನೆಯಿಂದ ಒಣಭೂಮಿಯ ರೈತರು ಇಂಥ ಹೊಂಡಗಳನ್ನು ಬಹುವಾಗಿ ತೋಡಿಕೊಂಡರು. ಸವರಿದ ಬಳ್ಳಿಯ ಕಡ್ಡಿಗಳನ್ನು ಚೂರು ಮಾಡಿ ಬುಡಕ್ಕೆ ಹೊದಿಸಿದರೆ ನೆಲದ ತೇವ ಬೇಗ ಆರುವುದಿಲ್ಲ. ದನದ ಸಗಣಿ ಮೊದಲು ಅನಿಲವಾಗಿ ಒಲೆ ಉರಿಸಿ ಆಮೇಲೆ ಗೊಬ್ಬರವಾಗುತ್ತದೆ. ಬಿಸಿಲಿಗೇನೂ ಬರವಿಲ್ಲದ ನಾಡಾದುದರಿಂದ ಸ್ನಾನದ ನೀರು ಕಾಯಿಸುವ ಕೆಲಸ ಸೂರ್ಯನದು. ಒಂದು ವಸ್ತು ಮೂರು ಸಲ ದುಡಿದ ಮೇಲೆಯೇ ಅದಕ್ಕೆ ಬಿಡುವು. 'ಸುಸ್ಥಿರ' ಎಂಬ ಈಗಿನ ದೊಡ್ಡ ಮಾತನ್ನು ನಮ್ಮ ಅಜ್ಜಿಯರು 'ಬಾಳಿಕೆ' ಎಂಬ ಸಣ್ಣ ಮಾತಿನಲ್ಲಿ ಹೇಳುತ್ತಿದ್ದರು.

ಮನೆಯೆಂದರೆ ಮನೆಯವರು

ಹಿರಿಯೂರಿನ ಕಡೆಯ ಇಂಥ ಒಂದು ತೋಟದ ಮನೆಯಲ್ಲಿ ನಾನೂ ಎರಡು ರಾತ್ರಿ ತಂಗಿದ್ದುಂಟು. ಅಜ್ಜಿ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಅತಿಥಿಗಳಿಗೆ ಎರಡೇ ಕೋಣೆ. ಇನ್ನೊಂದು ಕೋಣೆಯಲ್ಲಿ ಬೆಂಗಳೂರಿನ ಸಂಸಾರವೊಂದಿತ್ತು. ಅವರ ಹುಡುಗ ಬೆಳಗ್ಗೆ ಕೈ ತೊಳೆದು, ಚೊಂಬಿನಲ್ಲಿ ಉಳಿದ ನೀರನ್ನು ಅಂಗಳಕ್ಕೆ ಎರಚಲು ಕೈ ಎತ್ತಿದ. ಕಂಬಕ್ಕೆ ಒರಗಿ ಕುಳಿತಿದ್ದ ಅಜ್ಜಿ, "ಚೆಲ್ಲಬ್ಯಾಡ ಮಗಾ, ಅಗೋ ಆ ದಾಳಿಂಬೆ ಗಿಡ ಐತಲ್ಲ, ಅದಕ್ಕೆ ಕುಡಿಸಪ್ಪ" ಎಂದರು. ಹುಡುಗ ತಾಯಿಯ ಮುಖ ನೋಡಿದ. ಆಕೆ, "ಅಜ್ಜಿ ಹೇಳಿದ ಹಾಗೆ ಮಾಡಪ್ಪ" ಎಂದರು. ಮರುದಿನ ಬೆಳಗ್ಗೆ ನಾನೇಳುವ ಹೊತ್ತಿಗೆ ಆ ಹುಡುಗ, ಮೊಮ್ಮಗಳ ಜೊತೆಯಲ್ಲಿ, ಯಾರೂ ಹೇಳದೆಯೇ ಗಿಡದ ಬುಡದಲ್ಲಿ ಚೊಂಬು ಬಗ್ಗಿಸುತ್ತಿದ್ದ. ಯಾವ ಶಾಲೆಯ ಪರಿಸರ ಪಾಠ ಇದಕ್ಕಿಂತ ಬೇಗ ತಲೆಗೆ ಹತ್ತೀತು?

ತಿಂಡಿಯ ವಿಚಾರವನ್ನೂ ಹೇಳಬೇಕು. ಬ್ರೆಡ್ಡು ಜ್ಯಾಮುಗಳು ಅಲ್ಲಿ ಇರಲಿಲ್ಲ. ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಸಾಮೆಯ ಉಪ್ಪಿಟ್ಟು, ಮಜ್ಜಿಗೆ. ಕೊನೆಗೆ ತೊಳೆದ ದ್ರಾಕ್ಷಿಯ ಒಂದು ತಟ್ಟೆ. ಸಾಮೆ ಹೊಸದುರ್ಗದ ಸೀಮೆಯ ಹಳೆಯ ಬೆಳೆ. ಭತ್ತಕ್ಕೆ ಬೇಕಾಗುವ ನೀರಿನ ಸಣ್ಣದೊಂದು ಪಾಲಿನಲ್ಲಿ, ಬರಿಯ ಮಳೆಯನ್ನೇ ನಂಬಿ ಬೆಳೆಯುವಂಥದು. ಆದುದರಿಂದ ತಟ್ಟೆಯಲ್ಲಿ ಏನಿದೆಯೆಂಬುದೂ ನೀರಿನ ಲೆಕ್ಕಕ್ಕೆ ಸೇರಿದ ಮಾತೇ.

ಇಲ್ಲಿ ಇನ್ನೊಂದು ಲೆಕ್ಕವನ್ನು ಮರೆಯಬಾರದು. ರಾತ್ರಿ ಬಂದ ಅತಿಥಿಯ ಹಾಸಿಗೆ ಹಾಸಿದವರು ಯಾರು? ಬೆಳಗಿನ ಜಾವದಲ್ಲಿ ಎದ್ದು ರೊಟ್ಟಿ ತಟ್ಟಿದವರು ಯಾರು? ಹೊದಿಕೆಗಳನ್ನು ಒಗೆದವರು ಯಾರು? ಮನೆಯ ಹೆಂಗಸರು. ತೋಟದ ಕಾಯಿ ಬಿಡಿಸುವ ಕೆಲಸ, ಹಟ್ಟಿಯ ಕೆಲಸ, ಮಕ್ಕಳ ಕೆಲಸ ಮೊದಲೇ ಇದ್ದಂತೆ ಇದು ಅವರ ಪಾಲಿಗೆ ಬಂದ ಹೊಸ ಹೊರೆ. 'ಕುಟುಂಬ ನಡೆಸುವ' ಅತಿಥಿಗೃಹವೆಂದು ಹಲಗೆಯ ಮೇಲೆ ಬರೆಯುವುದು ಸುಲಭ. ಕುಟುಂಬದಲ್ಲಿ ನಡೆಸುವವರು ಯಾರು, ಬಂದ ಹಣ ಯಾರ ಕೈ ಸೇರುತ್ತದೆ ಎಂಬುದನ್ನೂ ಕೇಳಬೇಕಷ್ಟೆ. ನಾನು ತಂಗಿದ್ದ ಮನೆಯಲ್ಲಿ ತೋಟದ ಹಣ ಮಗನ ಖಾತೆಗೆ, ಕೋಣೆಗಳ ಹಣ ಸೊಸೆಯ ಖಾತೆಗೆ. ವಾರದಲ್ಲಿ ಎರಡು ದಿನ ಕೋಣೆಗಳಿಗೆ ಬೀಗ. ಆ ಬೀಗದ ಕೈಯೂ ಸೊಸೆಯ ಸೊಂಟದಲ್ಲಿಯೇ. ಹೆಂಗಸರು ದಣಿದು ಕೈಬಿಟ್ಟ ದಿನ, ತೊಟ್ಟಿಯಲ್ಲಿ ಎಷ್ಟೇ ನೀರಿರಲಿ, ಆ ಸತ್ಕಾರ ನಿಂತುಹೋಗುತ್ತದೆ.

ಔಷಧಿ ಸಿಂಪಡಿಸುವ ದಿನಗಳಲ್ಲಿಯೂ ಅಲ್ಲಿ ಅತಿಥಿಗಳನ್ನು ಕರೆಯುವುದಿಲ್ಲ. ದ್ರಾಕ್ಷಿ ರೋಗಗಳಿಗೆ ಬಲು ಬೇಗ ತುತ್ತಾಗುವ ಬೆಳೆ. ನಮ್ಮ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ 'ಬೋರ್ಡೋ' ದ್ರಾವಣ ಮೂಲದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗಾಗಿ ೧೮೮೦ರ ದಶಕದಲ್ಲಿ ಹುಟ್ಟಿದ್ದೆಂಬುದು ಹಲವರಿಗೆ ತಿಳಿದಿರಲಾರದು. ಮೈಲುತುತ್ತ ಮತ್ತು ಸುಣ್ಣಗಳ ಬೆರಕೆ ಅದು. ಈಗಿನ ಔಷಧಿಗಳು ಹಲವು ಬಗೆ. ಆದುದರಿಂದ ಚಪ್ಪರದಿಂದ ನೇರವಾಗಿ ಗೊಂಚಲು ಕಿತ್ತು ಬಾಯಿಗೆ ಹಾಕಿಕೊಳ್ಳಲು ಮಕ್ಕಳನ್ನು ಬಿಡಬೇಡಿ. ಮನೆಯವರನ್ನು ಕೇಳಿ, ತೊಳೆದು ತಿನ್ನಿ.

ಇಟಲಿಯವರು ಹಾಕಿಕೊಂಡ ಗೆರೆ

ಈ ಹಾದಿಯನ್ನು ನಮಗಿಂತ ಮೊದಲು ತುಳಿದವರು ಇಟಲಿಯ ರೈತರು. ಹಳ್ಳಿಗಳು ಬರಿದಾಗುತ್ತಿದ್ದುದನ್ನು ಕಂಡು ಅಲ್ಲಿನ ಸರಕಾರ ೧೯೮೫ರ ಡಿಸೆಂಬರಿನಲ್ಲಿ 'ಅಗ್ರಿತುರಿಸ್ಮೊ', ಎಂದರೆ ಕೃಷಿ ಪ್ರವಾಸ, ಎಂಬುದಕ್ಕೆ ಒಂದು ಕಾನೂನು ಮಾಡಿತು. ೨೦೦೬ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂದಿತು. ಎರಡರಲ್ಲಿಯೂ ತಿರುಳು ಒಂದೇ: ರೈತ ಅತಿಥಿಗಳನ್ನು ಇಟ್ಟುಕೊಳ್ಳಬಹುದು, ಆದರೆ ಬೇಸಾಯವೇ ಮುಖ್ಯವಾಗಿರಬೇಕು, ಸತ್ಕಾರ ಅದಕ್ಕೆ ಪೂರಕವಾಗಿರಬೇಕು. ದ್ರಾಕ್ಷಿಯ ಗುಡ್ಡಗಳ ನಡುವೆ ತೋಟವಿಲ್ಲದ ಹೋಟೆಲುಗಳು ತೋಟದ ಹೆಸರಿನಲ್ಲಿ ಏಳದಂತೆ ಹಾಕಿದ ಗೆರೆ ಇದು.

ನಮ್ಮಲ್ಲಿಯೂ ಗೆರೆಗಳಿಲ್ಲದಿಲ್ಲ. ಮಹಾರಾಷ್ಟ್ರ ೨೦೨೦ರಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದೇ ಒಂದು ನೀತಿಯನ್ನು ತಂದಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಹೋಮ್‌ಸ್ಟೇಗಳಿಗೆ ಮನ್ನಣೆ ಕೊಡುವಾಗ ಆರು ಕೋಣೆ, ಹನ್ನೆರಡು ಹಾಸಿಗೆಗಳ ಮಿತಿಯನ್ನು ಇಟ್ಟಿದೆ. ಮನೆಯ ಒಡೆಯರು ಸಂಸಾರಸಹಿತ ಅಲ್ಲಿಯೇ ವಾಸವಾಗಿರಬೇಕೆಂದೂ ಹೇಳಿದೆ. ಕರ್ನಾಟಕ ೨೦೦೭ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ನೀತಿಯನ್ನು ಹೊರಡಿಸಿತು. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ೧೯೮೮ರಲ್ಲಿ ನೆಟ್ಟ ಗ್ರೋವರ್ ದ್ರಾಕ್ಷಿ ತೋಟದಂಥ ದೊಡ್ಡ ಉದ್ಯಮಗಳು ಒಂದು ದಾರಿ ಹಿಡಿದಿವೆ. ಚಿಕ್ಕ ಹಿಡುವಳಿಯ ಸಂಸಾರದ ದಾರಿ ಬೇರೆ. ಅದಕ್ಕೆ ಹೆಚ್ಚು ಒಪ್ಪುವುದು ಇಟಲಿಯವರ ಆ ಗೆರೆಯೇ. ತೋಟ ಉಳಿಯಲೆಂದು ಅತಿಥಿ. ಅತಿಥಿಗಾಗಿ ತೋಟವನ್ನು ಬಲಿಗೊಡಬಾರದು. ಹನ್ನೆರಡು ಹಾಸಿಗೆಗೆ ಕಾನೂನು ಒಪ್ಪಿದರೂ ಮಾಡಿನ ಮಳೆ ಇಬ್ಬರಿಗೆ ಮಾತ್ರ ಒಪ್ಪಿದರೆ, ಮಳೆಯ ಮಾತನ್ನೇ ಕೇಳುವುದು ವಿವೇಕ.

ಹೋಗುವವರಿಗೆ ನಾಲ್ಕು ಮಾತು

ಬೆಂಗಳೂರಿನಿಂದ ಹಿರಿಯೂರಿಗೆ ರಾಷ್ಟ್ರೀಯ ಹೆದ್ದಾರಿ ೪೮ರಲ್ಲಿ ಸುಮಾರು ೧೬೦ ಕಿಲೋಮೀಟರು, ಅಲ್ಲಿಂದ ಚಿತ್ರದುರ್ಗಕ್ಕೆ ಇನ್ನು ಸುಮಾರು ೪೦. ರೈಲಿನಲ್ಲಿ ಹೋಗುವವರು ಹುಬ್ಬಳ್ಳಿಯ ದಾರಿಯ ಹೊಸದುರ್ಗ ರೋಡ್ ಅಥವಾ ಚಿಕ್ಕಜಾಜೂರಿನಲ್ಲಿ ಇಳಿಯಬಹುದು. ಹಣ್ಣಿನ ಕಾಲ ನೋಡಬೇಕಾದರೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಒಳ್ಳೆಯದು. ಬಿಸಿಲು ಏರಿದ ಮೇಲೆ ಹೋಗಿ ಅವರ ಬತ್ತಿದ ಬಾವಿಗೆ ಭಾರವಾಗುವುದು ಬೇಡ. ಮಾರಿಕಣಿವೆ, ಕೋಟೆ, ಚಂದ್ರವಳ್ಳಿಗಳ ಜೊತೆಗೆ ಹೊಳಲ್ಕೆರೆಯ ದೊಡ್ಡ ಗಣಪತಿಯನ್ನೂ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಜಿನಾಲಯವನ್ನೂ ನೋಡಬಹುದು. ನಾಟಕಪ್ರಿಯರಿಗೆ ಅದೇ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರವಿದೆ. ಅಲ್ಲಿನ ನಾಟಕೋತ್ಸವ ನವೆಂಬರಿನಲ್ಲಿ ನಡೆಯುವುದು ವಾಡಿಕೆ.

ಕೋಣೆ ಗೊತ್ತುಮಾಡುವ ಮೊದಲು ಮೂರು ಪ್ರಶ್ನೆ ಕೇಳಿ. ಮನೆಯವರು ಅಲ್ಲಿಯೇ ಇರುತ್ತಾರೆಯೆ? ನೀರು ಎಲ್ಲಿಂದ ಬರುತ್ತದೆ, ಬಳಸಿದ್ದು ಎಲ್ಲಿಗೆ ಹೋಗುತ್ತದೆ? ಊಟದಲ್ಲಿ ಎಷ್ಟು ಪಾಲು ಆ ನೆಲದ್ದು? ಉತ್ತರ ನೆಟ್ಟಗಿದ್ದರೆ ಒಂದೆರಡು ನೂರು ರೂಪಾಯಿಗಾಗಿ ಚೌಕಾಶಿ ಮಾಡಬೇಡಿ. ಹೋದ ಮೇಲೆ ಷವರಿನ ಬದಲು ಬಕೆಟ್ಟಿನಲ್ಲಿ ಸ್ನಾನ ಮಾಡಿ. ನಿಮಿಷಕ್ಕೆ ಹತ್ತು ಲೀಟರು ಸುರಿಸುವ ಷವರಿನಡಿ ಹತ್ತು ನಿಮಿಷ ನಿಂತವರು ನೂರು ಲೀಟರು ಚೆಲ್ಲುತ್ತಾರೆ, ಬಕೆಟ್ಟಿನವರು ಇಪ್ಪತ್ತರಲ್ಲಿ ಮುಗಿಸುತ್ತಾರೆ. ಉಳಿದ ಎಂಬತ್ತು ಲೀಟರಿನಲ್ಲಿ ಐದು ಬಳ್ಳಿಗಳು ಒಂದು ದಿನ ಬದುಕುತ್ತವೆ.

ಅತಿಥಿ ದೇವರೆಂದು ಹೇಳುವ ಮಾತು ನಮ್ಮ ನಾಡಿನಲ್ಲಿ ಬಹಳ ಹಳೆಯದು. ದೇವರಾದವನು ಬೇಡಿದ್ದನ್ನೆಲ್ಲ ಪಡೆಯಬಹುದು, ನಿಜ. ಆದರೆ ಭಕ್ತನ ಮನೆಯ ಕೊನೆಯ ಚೊಂಬನ್ನು ಬರಿದು ಮಾಡಿದ ದೇವರ ಕಥೆಯನ್ನು ನಮ್ಮ ಹಿರಿಯರು ಯಾರೂ ಹೇಳಲಿಲ್ಲ. ಈ ಸೀಮೆಯ ಚಪ್ಪರದ ಕೆಳಗೆ ಕುಳಿತು ಹಣ್ಣು ತಿನ್ನುವ ಭಾಗ್ಯ ನಮ್ಮ ಮಕ್ಕಳಿಗೂ ಉಳಿಯಬೇಕಾದರೆ, ಕೊಡುವವರ ಔದಾರ್ಯದಷ್ಟೇ ಪಡೆಯುವವರ ಹದವೂ ಬೇಕು.